ಬಾಲವಿಲ್ಲದ ಐವತ್ತು

ಲಾಡಿನಷ್ಟು ದಪ್ಪ, ಕಪ್ಪನೆಯ ಸ್ಪೀಕರು.
ಹಳೇ ವಿದ್ಯಾರ್ಥಿಗಳ ಚಂದಾದಲ್ಲಿ ಬಂದದ್ದು,
ರಸೀದಿ ನಾನೇ ರಿಜಿಸ್ಟರಿಗೆ ಅಂಟಿಸಿದ್ದೇನೆ.
ಗುಂಡಿ ಒತ್ತಿದರೆ ಮೊದಲು ತನ್ನ ಸಮಾಚಾರ ಹೇಳಿಕೊಳ್ಳುತ್ತದೆ:
ದಿ ಬ್ಲೂಟೂತ್ ಡಿವೈಸ್ ಈಸ್ ರೆಡಿ ಟು ಪೇರ್.
ಎಂಟನೇ ಬಿ ಸೆಕ್ಷನ್ನಿನ ನಲವತ್ತೊಂದು ಬಾಯಿ
ಅದೇ ರಾಗದಲ್ಲಿ, ಅದೇ ಮೂಗಿನಲ್ಲಿ ಹಿಂದೆಯೇ ಹೇಳುತ್ತವೆ.
ಯಾರೂ ಕಲಿಸದೆ, ಒಂದೂ ತಪ್ಪಿಲ್ಲದೆ
ಅವರು ಕಲಿತ ಮೊದಲ ಇಂಗ್ಲಿಷ್ ವಾಕ್ಯ ಅದು.
ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ನನ್ನದು ಕಣ್ಣಿನಿಂದ ಕಲಿತ ಇಂಗ್ಲಿಷು.
ಕರಿಹಲಗೆ, ಡಸ್ಟರಿನ ಧೂಳು, ಗೈಡಿನ ತೆಳು ಹಾಳೆ.
ಬಿ.ಎ. ಮುಗಿಯುವತನಕ ಅದು ನನಗೆ
ಅಕ್ಷರವಾಗಿತ್ತು, ದನಿಯಾಗಿರಲಿಲ್ಲ.
ಆಮೇಲೆ ಬಾಯಲ್ಲಿ ಹೇಗೋ ಹೊತ್ತು ನಡೆದೆ,
ತುಂಬಿದ ಕೊಡ ಹೊತ್ತವಳು
ಕುತ್ತಿಗೆ ಅಲ್ಲಾಡಿಸದೆ ನಡೆದಂತೆ.

ನಿನ್ನೆ ರಾತ್ರಿ ಕೆ.ಟಿ.ಜೆ. ನಗರದ ನಮ್ಮ ಅಡುಗೆಮನೆಯಲ್ಲಿ
ಎಲ್ಲರೂ ಮಲಗಿದ ಮೇಲೆ ಇಯರ್‌ಫೋನು ಸಿಕ್ಕಿಸಿ
ಇವತ್ತಿನ ಆಡಿಯೋ ಹಾಕಿಕೊಂಡು ಕೂತೆ.
ಒಂದು ರೈಲ್ವೆ ಸ್ಟೇಷನ್ನು, ನಮ್ಮ ದಾವಣಗೆರೆಯದಲ್ಲ.
ಒಬ್ಬ ಹೆಂಗಸು ಏನೋ ಕೇಳುತ್ತಾಳೆ,
ಒಬ್ಬ ಗಂಡಸು ಅರ್ಧ ನುಂಗಿ ಅರ್ಧ ಹೇಳುತ್ತಾನೆ.
ರೈಲು ಹೊರಡುವುದು ಆರು ಹದಿನೈದಕ್ಕೋ, ಆರು ಐವತ್ತಕ್ಕೋ?
ಫಿಫ್ಟೀನ್. ಫಿಫ್ಟಿ.
ಹನ್ನೊಂದು ಸಲ ಹಿಂದಕ್ಕೆಳೆದು ಕೇಳಿದೆ.
ಪ್ರತಿ ಸಲವೂ ಅಲ್ಲಿಗೆ ಬರುವಾಗ
ಅವನು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ.
ಕೊನೆಗೆ ಕೈಪಿಡಿಯ ಹಿಂದಿನ ಪುಟ ತೆಗೆದೆ. ಉತ್ತರ: 6.15.
ಪರೀಕ್ಷೆಯಲ್ಲಿ ಪಕ್ಕದವಳದ್ದು ನೋಡಿ ಬರೆದವಳ ಹಾಗೆ
ಲೈಟು ಆರಿಸಿ ಮಲಗಿದೆ.

ಮೂರನೇ ಪೀರಿಯಡ್ಡು. ಪ್ರೊಜೆಕ್ಟರು ಎಂದಿನಂತೆ
ನೀಲಿ ಬಣ್ಣವೊಂದನ್ನೇ ತೋರಿಸಿ ಸುಮ್ಮನಾಯಿತು.
ಸ್ಪೀಕರನ್ನು ಡಿಕ್ಷನರಿಯ ಮೇಲೆ ಎತ್ತರಕ್ಕಿಟ್ಟು
ಎರಡು ಸಲ ಕೇಳಿಸಿದೆ.
ಕೊಟ್ರೇಶಿ ಫಿಫ್ಟೀನ್ ಅಂದ. ಮುಂದಿನ ಬೆಂಚೆಲ್ಲ ಫಿಫ್ಟೀನ್.
ನನಗೆ ಸಮಾಧಾನ.
ಹಿಂದಿನ ಗೋಡೆಗೆ ಒರಗಿದ್ದ ಸಫೂರಾ ಎದ್ದು ನಿಂತಳು.
'ಅಲ್ರೀ ಮಿಸ್, ಐವತ್ತು. ಬಾಲ ಇಲ್ಲ ಅದಕ್ಕೆ.'

ಬಾಲ?

'ಹದಿನೈದು ಆಗಿದ್ರೆ ಹಿಂದೆ ಈ... ನ್ ಅಂತ ಎಳೀತೈತ್ರಿ.
ಇದು ಟಪ್ ಅಂತ ನಿಂತ್ತು.'

ಸಫೂರಾಳ ಮನೆ ಮಂಡಕ್ಕಿ ಭಟ್ಟಿಯ ಹಿಂದೆ.
ಬೆಳಗಿನ ನಾಲ್ಕಕ್ಕೇ ನಾನಿಯ ಪಕ್ಕ ಬಾಣಲೆಗೆ ನಿಂತು ಬರುವ ಹುಡುಗಿ.
ತೂಕಡಿಸುತ್ತಾಳೆಂದು ಎರಡು ಸಲ
ನಾನು ಹೊರಗೆ ನಿಲ್ಲಿಸಿದ್ದುಂಟು.
ಹೊಗೆಗೆ ಅಲ್ಲಿ ಕಣ್ಣು ಬಿಡಲಿಕ್ಕಾಗುವುದಿಲ್ಲವಂತೆ.
ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತ ಅರಳುತ್ತ
ಸದ್ದು ತೆಳ್ಳಗಾಗುವ ಒಂದು ಗಳಿಗೆ ಬರುತ್ತದಂತೆ.
ಅದು ಕಿವಿಗೆ ಸಿಗಬೇಕು. ತಪ್ಪಿದರೆ ಕರಕಲು,
ಜೊತೆಗೆ ನಾನಿಯ ಬೈಗುಳ.

ಮೂರನೇ ಸಲ ಹಾಕಿದೆ. ಈ ಸಲ ನಾನೂ ಕಣ್ಣು ಮುಚ್ಚಿದೆ.
ಸಿಕ್ಸ್ ಫಿಫ್ಟಿ.
ಬಾಲ ಇರಲಿಲ್ಲ.

ಇಪ್ಪತ್ತೆರಡು ವರ್ಷ ಮಕ್ಕಳ ನೋಟ್‌ಬುಕ್ಕುಗಳಲ್ಲಿ
ದರ್ಬಾರು ಮಾಡಿದ ಕೆಂಪು ಪೆನ್ನು
ಅಚ್ಚಾದ ಪುಸ್ತಕಕ್ಕೆ ತಾಗಿದ್ದು ಇದೇ ಮೊದಲು.
ಎಲ್ಲರೆದುರೇ ತಿದ್ದಿದೆ.
ಐದರ ಮುಂದಿನ ಸೊನ್ನೆ ಕೊಂಚ ಸೊಟ್ಟಗಾಯಿತು.
ಸಫೂರಾ ಆಗಲೇ ಕೂತು
ಅಂಗೈಯಲ್ಲಿ ಆಕಳಿಕೆ ಮುಚ್ಚುತ್ತಿದ್ದಳು.

'ಮಿಸ್, ಆ ಹೆಂಗಸು ಯಾಕ್ರೀ ಅಷ್ಟು ಹೆದರಿದ್ಲು?'
ಕೇಳಿದವನು ಹಾಲೇಶಿ. ಉತ್ತರವೇ ಬರೆಯದೆ
ಹಾಳೆ ಖಾಲಿ ಬಿಟ್ಟಿದ್ದವನು.
ಅಭ್ಯಾಸದಲ್ಲಿ ಆ ಪ್ರಶ್ನೆ ಇಲ್ಲ.
ರಾತ್ರಿ ಹನ್ನೊಂದು, ಇಲ್ಲಿ ಮೂರು,
ಹದಿನಾಲ್ಕು ಸಲ ಕೇಳಿದ್ದೇನೆ.
ಅವಳ ದನಿ ಹೇಗಿತ್ತೆಂದು ನೆನಪಿಗೇ ಬರಲಿಲ್ಲ.

ಇರು, ಇನ್ನೊಮ್ಮೆ ಕೇಳೋಣ, ಎಂದು ಗುಂಡಿ ಒತ್ತಿದೆ.
ಬ್ಯಾಟರಿ ಲೋ, ಎಂದಿತು ಸ್ಪೀಕರು.
ಬ್ಯಾಟರಿ ಲೋ, ಎಂದರು
ನಲವತ್ತೊಂದು ಮಂದಿ.