ಕನ್ನಡಿಯಿಲ್ಲದ ದಾಡಿ

ಪರೇಲಿನ ದವಾಖಾನಿ, ಮೂರನೇ ಮಾಳಿಗಿ.
ಆಪರೇಷನ್ನಿಗೆ ಹೋಗೋರ ಮೈಕೂದಲ ತೆಗಿಯೋದು ನನ್ನ ಕೆಲಸ.
ಹೊಟ್ಟಿ, ತೊಡಿ, ಎದಿ, ಒಮ್ಮೊಮ್ಮೆ ತಲಿ.
ಕಾಗದದಾಗ ಅದಕ್ಕ ‘ತಯಾರಿ’ ಅಂತ ಬರೀತಾರ.
ದಿನಾ ಹದಿನಾರು ಮಂದಿನ್ನ ತಯಾರ ಮಾಡಿ
ನನ್ನ ಮಾರಿ ಮಾತ್ರ ಹೊಲಾ ಹರಗಿದಂಗ ಇತ್ತು:
ಗಂಟಲ ಸುತ್ತ ಕೆಂಪು ಗುಳ್ಳಿ, ಗದ್ದದ ಕೆಳಗ ಉರಿ,
ಚರ್ಮದೊಳಗ ಸುತಗೊಂಡು ಬೆಳೆದ ಕೂದಲಿನ ಕರೇ ಚುಕ್ಕಿ.

ಕುರ್ಲಾದ ಖೋಲಿಯೊಳಗ ನಾವು ಒಂಬತ್ತು ಮಂದಿ.
ನಳ ಬರೋದು ನಸುಕಿನ ನಾಕೂವರಿಗೆ,
ಬಾಗಲಾ ಬಡಿಯೋದು ನಾಕು ಮೂವತ್ತೊಂದಕ್ಕ.
ಮೈಗೆ ಹಚ್ಚೋ ಸಾಬಾಣನ ಮಾರಿಗೆ ತಿಕ್ಕಿ
ಮೂರು ವಾರದ ಹಳೇ ಬ್ಲೇಡು
ಕೆಳಗಿಂದ ಮ್ಯಾಲ ಎಳದ್ರ ಮುಗೀತು.
ಲೋಕಲ್ಲಿನ ಬೆವರು, ಆ ಗಾಯಕ್ಕ ಉಪ್ಪು.

ಧೋಂಡಿಬಾ ಸಕಪಾಳ, ಹಾಸಿಗಿ ಇಪ್ಪತ್ತೆಂಟು.
ಗಿರಣಿಯೊಳಗ ಹರದ ನೂಲು ಜೋಡಿಸಿದಾಂವ,
ಕಣ್ಣು ಹೋಗಿ ಹತ್ತೊಂಬತ್ತು ವರ್ಷ. ಹರ್ನಿಯಾ.
ಕೆಲಸ ಮುಗಿಸಿ ಬಟ್ಟಲ ಎತ್ತೋವಾಗ
ತಡಿ ಅಂದ, ಮರಾಠಿಯೊಳಗ:
“ನೀ ಒತ್ತಿ ಎಳೀತಿ. ನಿನ್ನ ಮಾರಿ ತಾ ಇಲ್ಲೆ.”

ನಾಚಿಕಿ ಬಂತು. ಬಗ್ಗಿದೆ.
ಎರಡು ಎಳಿ ನಡುವಿನ ಗಂಟು ಹುಡುಕಿದ ಬೆರಳು
ಗಲ್ಲದಿಂದ ಗಂಟಲಿಗೆ ಇಳದು, ಅಲ್ಲೆ ನಿಂತು,
“ಇಲ್ಲೆ ಕೂದಲ ಬಲಕ್ಕ ಹೊಳ್ಳತಾವ,
ಇಲ್ಲೆ ಮ್ಯಾಲ ಏರತಾವ. ಗೊತ್ತದೇನು?”
ಇಪ್ಪತ್ತಾರು ವರ್ಷ ಹೊತಗೊಂಡು ತಿರುಗಿದ ಮಾರಿ.
ಗೊತ್ತಿದ್ದಿಲ್ಲ.

ಆಪರೇಷನ್ನು ಮುಂದ ಹೋತು, ಸಕ್ಕರಿ ಹೆಚ್ಚದ ಅಂತ.
ಮರುದಿನ ಮಧ್ಯಾಹ್ನ, ಸಿಸ್ಟರ್ ಊಟಕ್ಕ ಹೋದಾಗ
ಸ್ಟೂಲಿನ ಮ್ಯಾಲ ನನ್ನ ಕೂಡಿಸಿದ.
ಬಿಸಿನೀರಾಗ ಹಿಂಡಿದ ಟಾವೆಲ್ಲು ಮಾರಿಗೆ ಮುಚ್ಚಿ,
“ಸುಮ್ಮ ಕೂಡು. ಕೂದಲ ಮೆತ್ತಗಾಗಲಿ.
ಅವಸರ ಇದ್ದಾಂವ ದಾಡಿ ಬಿಡಬೇಕು, ಮಾಡಬಾರದು.”
ಹೊಸಾ ಬ್ಲೇಡು ನಾನೇ ತಂದಿದ್ದೆ, ಹೆಂಗ ತಂದೆ ಕೇಳಬ್ಯಾಡ್ರಿ.
ಎಡಗೈಲೆ ಚರ್ಮಾ ಹಿಗ್ಗಿಸಿ, ಬಲಗೈ ಹಗೂರ,
ಕೂದಲು ಹೋಗೋ ದಾರಿಗುಂಟ
ಎರಡು ಎಳತಕ್ಕೊಮ್ಮೆ ನೀರಾಗ ಅದ್ದಿ ಝಾಡಿಸಿ
ಮತ್ತ ಬೆರಳಿಲೆ ಮುಟ್ಟಿ ನೋಡೋದು.
ಸಪ್ಪಳ ಕೇಳು ಅಂದ. ಕೇಳಿಸ್ತು,
ಒಣ ಜೋಳದ ದಂಟಿನ್ಯಾಗ ಯಾರೋ ಮೆಲ್ಲಕ ನಡಕೋತ ಹೋದಂಗ.

ಬಾಜೂ ಹಾಸಿಗಿ ಹುಡುಗ ಮೊಬೈಲು ಕೆಳಗಿಟ್ಟ.
ಕುರುಡನ ಕೈಯಾಗ ಬ್ಲೇಡು, ಕುತ್ತಿಗಿ ಕೊಟ್ಟಾಂವ ನಾನು.
ಕಣ್ಣು ಮುಚ್ಚಿದ್ದು ಹೆದರಿ ಅಲ್ಲ.
ಮುಂಬೈಗೆ ಬಂದು ಏಳು ವರ್ಷ,
ಸಾವಿರ ಮೊಳಕೈ ತಾಗ್ಯಾವ ಮೈಗೆ,
ಗಲ್ಲಕ್ಕ ಒಂದು ಕೈ ಹತ್ತಿದ್ದಿಲ್ಲ.

ತಣ್ಣೀರು. ಒರಸಬ್ಯಾಡ, ಮೆಲ್ಲಕ ಒತ್ತು.
ತುರಟಿ ಹಳ್ಳು ಒಂದೇ ಸಲ, ಆಮ್ಯಾಲ ವಾಸನಿ ಇಲ್ಲದ ಕ್ರೀಮು,
ಇಲ್ಲಂದ್ರ ಎರಡೇ ಹನಿ ಕೊಬ್ಬರೆಣ್ಣಿ.
ಬಾಟಲಿಯೊಳಗಿನ ಉರಿಯೋ ನೀರು ಬ್ಯಾಡ,
“ಉರದ್ರ ಗಂಡಸು ಅಂತ ಯಾವ ಮುಠ್ಠಾಳ ಹೇಳ್ಯಾನು?”
ಗುಳ್ಳಿ ಇದ್ದಲ್ಲೆ ನಾಕು ದಿನ ಬ್ಲೇಡು ಮುಟ್ಟಿಸಬ್ಯಾಡ,
ಚಿವುಟಬ್ಯಾಡ. ಚರ್ಮಕ್ಕೂ ಸೂಟಿ ಬೇಕು,
ಗಿರಣಿಯೊಳಗ ನಮಗೂ ಒಂದು ಸೂಟಿ ಇತ್ತಪಾ.

ಬ್ಯಾಸ್ತವಾರ ಅಂವನ್ನ ಬ್ಯಾರೇ ವಾರ್ಡಿಗೆ ಒಯ್ದರು,
ನನ್ನ ಪಾಳಿ ರಾತ್ರಿಗೆ ಬಿತ್ತು. ಮತ್ತ ಕಂಡಿಲ್ಲ.

ಈಗ ರಾತ್ರಿಪಾಳಿ ಇಲ್ಲದ ದಿನ ನಾಕಕ್ಕ ಏಳತೀನಿ,
ಹಿಂದಿನ ದಿನ ತುಂಬಿಟ್ಟ ತಂಬಿಗಿ ಸ್ಟೋವಿನ ಮ್ಯಾಲ.
ಲೈಟು ಹಚ್ಚಂಗಿಲ್ಲ, ಎಂಟು ಮಂದಿ ಮಲಗಿರತಾರ.
ಕತ್ತಲಾಗ, ಬೆರಳಿಲೆ,
ನನ್ನ ಮಾರಿಯೊಳಗ ನಾನೇ ಹಾದಿ ಕೇಳಕೋತ ಹೊಂಟಿರತೀನಿ.
ಗುಳ್ಳಿ ಹೋಗ್ಯಾವ. ಉರಿ ಇಲ್ಲ.
ಎಡಗಿವಿ ಕೆಳಗ ಮಾತ್ರ
ನಾಕೈದು ಕೂದಲ ದಿನಾ ಉಳಿತಾವ.
ಅಂವಂಗೂ ಅಲ್ಲೇ ಉಳಿತಿದ್ದು.