ಹದ್ದುಬಸ್ತು

ಕೂಡ್ರಿ ನೀಲಗಂಗವ್ವ, ಈ ಬೆಂಚಿನ ಮ್ಯಾಲ.
ನನ್ನ ಮೂಗಿನ ಪಟ್ಟಿ ನೋಡಿ ಅಂಜಬ್ಯಾಡ್ರಿ.
ಎರಡನೇ ಸುತ್ತು ಮುಗದೈತಿ,
ಒಳಗ ಗಾಜಿನ ಮ್ಯಾಲ ನನ್ನ ಚರ್ಮ ಓದಾಕತ್ತಾರ.

ಈ ದವಾಖಾನಿ ನಿಂತ ನೆಲ ನಾನ ಅಳದದ್ದು,
ನವನಗರ ಅನ್ನೂದು ಬರೇ ಕಾಗದದಾಗ ಇದ್ದಾಗ.
ಇಲ್ಲಿ ಜಾಲಿಕಂಟಿ, ಓತಿಕ್ಯಾತ, ಸುಣ್ಣದ ಗೆರಿ.
ಮೂವತ್ತಾರು ವರ್ಷ ಮೋಜಣಿ ಕೆಲಸ:
ತಲಿಗೆ ಟೊಪಗಿ ಇತ್ತು, ಮೂಗಿಗೆ ಇರಲಿಲ್ಲ.

ನಂದು ಎಳ್ಳಿನಷ್ಟು ಕರೀ ಚುಕ್ಕಿ.
ಮಚ್ಚಿ ಅಂದ್ಲು ಹೆಂಡತಿ,
ನಸೀಬದ ಗುರ್ತು ಅಂದ ಕ್ಷೌರದ ಹುಡುಗ.
ಎರಡು ವರ್ಷಕ್ಕ ಅಲಸಂದಿ ಕಾಳಾತು, ನಡಕ ತೆಗ್ಗು ಬಿತ್ತು,
ಟವೆಲ್ ತಾಗಿದ್ರ ರಕ್ತ, ಒಣಗತಿತ್ತು, ಮತ್ತ ರಕ್ತ.
ನಿಮ್ಮದು ಮೂಗುತಿ ಬಾಜೂಕ. ಮೂಗುತಿ ಚುಚ್ಚೇತಿ ಅಂತ
ಅರಿಶಿಣ ಹಚ್ಚಿ ಕುಂತಿರಿ, ಹೌದಲ್ಲ?
ತಿಂಗಳಾದ್ರೂ ಗಾಯ ಮಾಯಲಿಲ್ಲಂದ್ರ
ಒತ್ತುವರಿ ಶುರುವಾಗೇತಿ ಅಂತ ತಿಳೀಬೇಕಿತ್ತು,
ನೀವೂ, ನಾನೂ.

ಕರಿಕಿ ಹೊಕ್ಕ ಹೊಲಾ ನೋಡೀರಿಲ್ಲ?
ಮ್ಯಾಲ ಒಂದು ಗೇಣು ಹಸರು,
ಕೆಳಗ ಬೇರು ಯಾರ ಹೊಲದಾಗ ಹೊಕ್ಕೈತೋ
ಕುಡಗೋಲಿಗೆ ತಿಳಿಯೂದಿಲ್ಲ.
ಅದಕ್ಕ ಈ ಡಾಕ್ಟರಬಾಯಿ ಬೇರಿನ ಬೆನ್ನ ಹತ್ತಿ ಹೋಗ್ತಾಳ:
ಉಳ್ಳಾಗಡ್ಡಿ ಸಿಪ್ಪಿಯಂಥ ತೆಳ್ಳನ ಒಂದು ಪದರ,
ಅದರ ಅಂಚಿಗೆ ಒಂದು ಕಡೆ ಕೆಂಪು, ಒಂದು ಕಡೆ ನೀಲಿ,
ಕಾಗದದ ಮ್ಯಾಲ ನನ್ನ ಮೂಗಿನ ನಕಾಶೆ.
ನೋಡಿ ನಗು ಬಂತು. ಚಕ್ಕುಬಂದಿ!
ಮೂಡಲಕ್ಕ ಗಲ್ಲ, ಪಡುವಲಕ್ಕ ಮೂಗಿನ ದಿಣ್ಣಿ,
ಬಡಗಲಕ್ಕ ಕಣ್ಣು, ತೆಂಕಲಕ್ಕ ತುಟಿ.
ಪದರಿನ ತಳ, ಅಂಚು ಪೂರಾ ದುರ್ಬೀನಿನಾಗ ನೋಡ್ತಾರ.
ಬೇರು ಎಲ್ಲಿ ಉಳದೈತೋ ಅಲ್ಲಷ್ಟ ಗುರ್ತು,
ಅಲ್ಲಷ್ಟ ಇನ್ನೊಂದು ಪದರ.
ಉಳದ ಮೂಗು ನಿಮ್ಮ ಖಾತೇದಾಗ ಇರತೈತಿ.

ಟೈಮ ಮಾತ್ರ ಹಿಡಿತೈತಿ. ತೆಗಿಯೂದು ಹತ್ತು ನಿಮಿಷ,
ಕಾಯೂದು ತಾಸಿನ ಮ್ಯಾಲ, ಪ್ರತಿ ಸುತ್ತಿಗೂ.
ಎಷ್ಟು ಸುತ್ತು ಅಂತ ಆಕಿಗೂ ಮೊದಲ ಗೊತ್ತಿಲ್ಲ.
ರೊಟ್ಟಿ ಕಟಗೊಂಡು ಬಂದೀರಿ? ಶಾಣ್ಯಾರು.
ಎಚ್ಚರ ಇರತೀರಿ. ಸೂಜಿ, ಕೆಂಪಿರಿವಿ ಕಡದಂಗ,
ಆಮ್ಯಾಲ ಎಳದದ್ದು ತಿಳಿತೈತಿ, ನೋವು ತಿಳಿಯೂದಿಲ್ಲ.
ಸುಟ್ಟ ಕೂದಲ ವಾಸನಿ ಬರ್ತೈತಿ, ರಕ್ತ ನಿಲ್ಲಸಾಕ ಸುಡ್ತಾರ.
ರಕ್ತ ತೆಳು ಮಾಡೂ ಗುಳಿಗಿ ತಗೋತಿದ್ರ ಹೇಳ್ರಿ,
ನೀವ ನಿಲ್ಲಿಸಬ್ಯಾಡ್ರಿ.
ಕನ್ನಡಿನೂ ಇವತ್ತ ಕೇಳಬ್ಯಾಡ್ರಿ:
ಚುಕ್ಕಿ ಸಣ್ಣದಿದ್ರೂ ತೆಗ್ಗು ದೊಡ್ಡದಾಗಬಹುದು,
ಅದನ್ನ ರೋಗ ಯಾವಾಗೋ ತೋಡಿಟ್ಟಿರತೈತಿ.
ಹೊಲೀತಾರ, ಇಲ್ಲಾ ಕಿವಿ ಹಿಂದಿನ ಚರ್ಮ ತಂದು ತ್ಯಾಪಿ ಹಚ್ತಾರ.

ಇನ್ನೊಂದು ಮಾತು. ಮನ್ಯಾಗೂ ಹೇಳಿಲ್ಲ.
ಹಿನ್ನೀರಿನ ಗೆರಿ ಎಳಿಯೂವಾಗ
ಬಾಳವ್ವ ಅಂತ ಒಬ್ಬಾಕಿ, ಹಿತ್ತಲದಾಗ ಬೇವಿನ ಗಿಡ.
ಮಟ್ಟ ನೋಡೂ ಯಂತ್ರ ಕೆಟ್ಟಿತ್ತು, ಹೊತ್ತು ಮುಳಗಿತ್ತು,
ಇರಲಿ, ಜ್ವಾಕಿಗೆ, ಅಂತ
ಹತ್ತು ಮಾರು ಆಚೆ ಬಾಂದುಗಲ್ಲು ನೆಟ್ಟೆ.
ಆಕಿ ಕೇಳಿದ್ಲು: "ಸಾಹೇಬ್ರ, ನೀರು ಎಲ್ಲಿತನಕ ಬರ್ತೈತಿ
ನೋಡಿ ಅಳದಿರೋ, ಅಂಜಿ ಅಳದಿರೋ?"
ಗಿಡ ಕಡದ್ರು. ಮನಿ ಕೆಡವಿದ್ರು.
ನೀರು ಇವತ್ತಿಗೂ ಅಲ್ಲಿ ಬಂದಿಲ್ಲ.
ಬೊಡ್ಡಿ ಒಣಗಿ ಕುಂತೈತಿ,
ಬ್ಯಾಸಗಿಗೊಮ್ಮೆ ಹೋಗಿ ನೋಡಿ ಬರ್ತೀನಿ.

ಇವತ್ತ ಮುಂಜಾನೆ ಡಾಕ್ಟರಬಾಯಿ ಹೊರಗ ಬಂದು
"ಒಂದ ಎಳಿ ಉಳದೈತ್ರಿ, ಕಣ್ಣಿನ ಕಡೆ, ಅಷ್ಟ" ಅಂದಾಗ
ಬಾಳವ್ವ ಇಲ್ಲೇ ಬಾಜೂಕ ಕುಂತಂಗಾತು.
ನೋಡಿ ಅಳ್ಯಾಕತ್ತಾಳ ಈ ಹುಡುಗಿ.

"ರಾಜೇಸಾಬ್, ಒಳಗ ಬರ್ರಿ."
ಹೋಗ್ತೀನಿ. ಮೂರನೇದೋ, ಮುಗೀತೋ, ನೋಡೂಣು.
ನನ್ನ ಬುತ್ತಿ ಕಡೆ ಕಣ್ಣಿರಲಿ.
ಆ ಮೂಗುತಿ ಈಗ ಬಿಚ್ಚಿ ಸೆರಗಿನ ತುದಿಗೆ ಕಟಗೊಳ್ರಿ,
ಕಳಕೋಬ್ಯಾಡ್ರಿ ಮತ್ತ.
ಹಾಕ್ಕೊಳಾಕ ಜಾಗ ಉಳಿಸಿದ್ರೂ ಉಳಿಸ್ಯಾರು.