ಎಡಗೈ ಹೆಬ್ಬೆಟ್ಟು

ಹಗ್ಗ ನೀಲಿ ನೈಲಾನಿನದು, ಅಂದಿಯೂರು ಸಂತೆಯಲ್ಲಿ ತಂದದ್ದು.
ಕತ್ತಾಳೆ ಹಗ್ಗವಾದರೆ ಹಿಂಜುತ್ತದೆ, ನರಳುತ್ತದೆ,
ಕೈ ತೆಗೆಯೋ ಎಂದು ಒಂದು ಗಳಿಗೆ ಕೊಡುತ್ತದೆ.
ಇದು ಕೊಡಲಿಲ್ಲ.

ಮೂರು ಮಳೆಗಾಲ ಬರಗೂರು ಬೆಟ್ಟದ ಕಾಡಲ್ಲೇ ಬೆಳೆದ ಕಡಸು,
ಮನುಷ್ಯರ ಕೈ ಏನೆಂದು ಅರಿಯದ್ದು,
ಕೆಂಪು ಮೈಗೆ ಸುಣ್ಣ ಎರಚಿದ ಹಾಗೆ ಮಚ್ಚೆ.
ಅಣ್ಣ ಜಡೇಮಾದ ಕೊರಳಿಗೆ ಕುಣಿಕೆ ಎಸೆದ,
ಇನ್ನೊಂದು ತುದಿ ದಿಂಡುಗದ ಮರಕ್ಕೆ ಸುತ್ತಿದ.
ಹಗ್ಗಕ್ಕೂ ತೊಗಟೆಗೂ ನಡುವೆ ಹೆಬ್ಬೆಟ್ಟು ಇತ್ತು.
ಕಡಸು ಒಂದೇ ಸಲ ಜಗ್ಗಿತು.

ಅವನು ಕೂಗಲಿಲ್ಲ.
"ಮಲ್ಲೀ, ಅಲ್ಲೆಲ್ಲೋ ಬಿದ್ದದ, ನೋಡು" ಅಂದ,
ಬೀಡಿ ಬೀಳಿಸಿಕೊಂಡವರ ದನಿಯಲ್ಲಿ.
ತರಗೆಲೆ ಕೆದಕಿದೆ. ಇರುವೆಗಳು ನನಗಿಂತ ಮೊದಲೇ ಹುಡುಕಿದ್ದವು.
ಊದಿ, ಮುತ್ತುಗದೆಲೆಯಲ್ಲಿ ಸುತ್ತಿ,
ಎಲೆಅಡಿಕೆ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿದೆ.

ದೊಡ್ಡಿಯಿಂದ ತಾಮರೆಕೆರೆಗೆ ಎರಡು ಹರದಾರಿ. ಅಲ್ಲಿಂದ ಬಸ್ಸು.
ಘಾಟಿಯ ತಿರುವಲ್ಲಿ ಬಸ್ಸು ವಾಲಿದಂತೆಲ್ಲ
ನಮ್ಮವರು ಒಬ್ಬೊಬ್ಬರೇ ಹತ್ತಿಕೊಂಡರು.
ದೊಡ್ಡಪ್ಪ, ಮಂಜಲ್ಲಿ ಕರು ಹುಡುಕುತ್ತ ಹೋದವನು,
ಅವನು ಕಾಲಿಟ್ಟ ಕಡೆ ನೆಲವಿರಲಿಲ್ಲ.
ಕೆಂಚಸಿದ್ದ, ಬೇಲಿಗೆ ಒರಗಿ ಮಲಗಿದ್ದ.
ಆನೆ ತಳ್ಳಿದ್ದು ಬೇಲಿಯನ್ನಷ್ಟೇ,
ಅವನ ಮೇಲೆ ಅದಕ್ಕೆ ಕೋಪವೇನೂ ಇರಲಿಲ್ಲ.
ಚಿಕ್ಕಮ್ಮನ ಮಗ: ಸಿಡಿಲು, ಒಂದೇ ಮರ, ಹನ್ನೊಂದು ಹಸು, ಅವನು.
ಅವನ ಹೆಸರಿಗೆ ಮೊದಲು ಹಸುಗಳ ಹೆಸರು ನೆನಪಾಗುತ್ತದೆ,
ತಪ್ಪೆಂದು ಗೊತ್ತು.
ಅಪ್ಪ ಮಾತ್ರ ಸಾಯಲಿಲ್ಲ. ತೊಡೆಯಲ್ಲಿ ಕೊಂಬಿನ ಗುಳಿ ಇಟ್ಟುಕೊಂಡು
ಹನ್ನೆರಡು ವರ್ಷ ಹಾಲು ಕರೆದ.
ಆ ಗುಳಿಯಲ್ಲಿ ನಾಲ್ಕಾಣೆ ಕೂರಿಸಿ
ಬೀಳದ ಹಾಗೆ ನಡೆ ನೋಡುವಾ ಎಂದು
ನಾವು ಮಕ್ಕಳು ಪಂಥ ಕಟ್ಟುತ್ತಿದ್ದೆವು.

ಚೀಲ ತೊಟ್ಟಿಕ್ಕುವುದು ಕಂಡು ಕಂಡಕ್ಟರ್ ತಮಿಳಲ್ಲಿ ಕೇಳಿದ,
ಏನಮ್ಮ, ಕೋಳಿಯಾ?
ನಾವು ಕೋಳಿ ಮುಟ್ಟುವವರಲ್ಲ, ಅಂದೆ.

ಆಸ್ಪತ್ರೆಯ ಚೀಟಿಯಲ್ಲಿ ಬರೆಯುವ ಹೆಂಗಸು
'ವಿಬತ್ತು' ಎಂದು ಓದುತ್ತ ಬರೆದಳು.
ಅವರಲ್ಲಿ ಬಸ್ಸಿನಡಿ ಕಾಲು ಸಿಕ್ಕರೂ ಅದೇ, ಏಣಿಯಿಂದ ಜಾರಿದರೂ ಅದೇ.
ನಮ್ಮಲ್ಲಿ ವಿಪತ್ತು ಅಂದರೆ
ಕಾಲುಬಾಯಿ ರೋಗ ಬಂದು ದೊಡ್ಡಿಯೇ ಬರಿದಾಗಬೇಕು.
ಒಂದು ಬೆರಳಿಗೆ ಅಷ್ಟು ದೊಡ್ಡ ಮಾತು ಯಾಕೆ ತಾಯಿ ಎನ್ನಬೇಕೆಂದಿದ್ದೆ,
ಅಷ್ಟರಲ್ಲಿ ಕಾಗದ ತಿರುಗಿಸಿ, ಸಹಿ ಬರುತ್ತಾ ಎಂದಳು.
ಬರುವುದಿಲ್ಲ.
ಹಾಗಾದರೆ ಎಡಗೈ ಹೆಬ್ಬೆಟ್ಟು ಒತ್ತಲಿ.

ಅಣ್ಣ ನನ್ನನ್ನು ನೋಡಿದ. ನಾನು ಸೊಂಟ ನೋಡಿಕೊಂಡೆ.
ಚೀಲ ಬಿಚ್ಚಿ, ಸುಣ್ಣದ ಡಬ್ಬಿ ಪಕ್ಕಕ್ಕಿಟ್ಟು,
ಎಲೆ ಬಿಡಿಸಿ ಮೇಜಿನ ಮೇಲೆ ಇಟ್ಟೆ.
ಅಲ್ಲೇ ಶಾಯಿಯ ಪ್ಯಾಡು ಬಾಯಿ ತೆರೆದುಕೊಂಡಿತ್ತು.
ಮೊದಲು ನಕ್ಕವನು ಅವನೇ.
ನಗುತ್ತಲೇ ಕಣ್ಣು ಮೇಲಾಗಿ ಬಿದ್ದ.

ಡಾಕ್ಟರು ಚಿಕ್ಕ ಹುಡುಗ, ಒಳ್ಳೆಯವನು.
ಹೊತ್ತು ಮೀರಿದೆ, ಕೂಡುವುದಿಲ್ಲ ಅಂದ.
ಬಿಸಾಡಲೇ? ಅಂದ. ಕೊಡಿ ಅಂದೆ.

ದೊಡ್ಡಿಯ ಮೂಲೆಯಲ್ಲಿ ಗುಣಿ ತೋಡಿ
ಅಪ್ಪನನ್ನು ಕೂರಿಸಿದ ಹಾಗೆಯೇ ಅದನ್ನೂ ನೆಟ್ಟಗೆ ಕೂರಿಸಿ,
ವಿಭೂತಿ ಉದುರಿಸಿ, ಮಣ್ಣೆಳೆದು, ಮೇಲೊಂದು ಕಲ್ಲಿಟ್ಟೆವು.
ಈಗ ಅವನ ನಾಲ್ಕು ಬೆರಳು ಕರೆಯುವುದನ್ನು ಮತ್ತೆ ಕಲಿತಿವೆ.
ಕಡಸು ಗಬ್ಬವಾಗಿದೆ.
ಮೇವಿನ ಪಾಸಿಗೆ ಗಾರ್ಡು ಬಲಗೈ ಒತ್ತಿಸಿಕೊಳ್ಳುತ್ತಾನೆ,
ಹಳೆಯ ಪುಟ ಮಗುಚಿದರೆ ಎಡಗೈಯದು
ನೇರಳೆ ಬಣ್ಣದಲ್ಲಿ ಇನ್ನೂ ಹಾಗೇ ಇದೆ.

ಒಂದು ಮಾತು ಅವನಿಗೆ ಹೇಳಿಲ್ಲ.
ಮೂರನೆಯ ದಿನ ಬೆಳಗಿಗೆ ಕಲ್ಲು ಹೊರಳಿತ್ತು,
ನಾಯಿ ಬಾಲ ಆಡಿಸದೆ ದೂರ ಕೂತಿತ್ತು.
ಗುಣಿ ಮುಚ್ಚಿ ಕಲ್ಲನ್ನು ಇದ್ದಲ್ಲಿಗೇ ಇಟ್ಟೆ.
ಸಂಜೆ ದನ ಕೂಡುವಾಗ ಅವನು ಆ ಕಲ್ಲನ್ನು ಬಳಸಿ ನಡೆಯುತ್ತಾನೆ.
ದನಗಳು ತುಳಿದೇ ಹೋಗುತ್ತವೆ.
ನಾನೂ ಬಳಸುತ್ತೇನೆ,
ಅವನು ನೋಡುತ್ತಿದ್ದರೆ.